ಹದಿಮೂರನೆಯ ಕೊಡ

ಕಳೆದ ತಿಂಗಳು ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಣ್ಣನ ಮಗ ಮುತ್ತಜ್ಜಿಯ ಫೋಟೋ ಹಾಕಿದ. ಹುಬ್ಬಳ್ಳಿಯ ಹಳೆಯ ಮನೆಯ ಪಡಸಾಲೆಯಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ತೂಗುಹಾಕಿರುವ ಪಟ ಅದು. ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಅದನ್ನು ಹಿಡಿದುಕೊಂಡು ಹೋಗಿದ್ದನಂತೆ. ಬೆಂಗಳೂರಿಗೆ ಮರಳಿದ ಮೇಲೆ ಯಾವುದೋ ಆ್ಯಪಿಗೆ ಕೊಟ್ಟು ಸ್ವಚ್ಛ ಮಾಡಿಸಿದ್ದ. ಪಟದ ತುಂಬ ಹರಡಿದ್ದ ಹಳದಿ ಹೋಗಿತ್ತು. ಮುಖದ ಮೇಲಿನ ಮಬ್ಬು ಹೋಗಿತ್ತು. ಸೀರೆಯ ಸೆರಗಿಗೆ ಕಡುನೀಲಿ ಬಣ್ಣ ಬಂದಿತ್ತು. ಅಕ್ಕಪಕ್ಕದಲ್ಲಿ ನಿಂತಿದ್ದ ಮಕ್ಕಳನ್ನು ಕತ್ತರಿಸಿ, ಮುತ್ತಜ್ಜಿಯೊಬ್ಬಳನ್ನೇ ಉಳಿಸಿಕೊಂಡಿದ್ದ. ಅವಳು ಕಣ್ಣು ತೆರೆದು ನೇರವಾಗಿ ನಮ್ಮನ್ನೇ ನೋಡುತ್ತಿದ್ದಳು. ತುಟಿಯ ತುದಿಯಲ್ಲಿ ಒಂದಿಷ್ಟು ನಗುವೂ ಇತ್ತು. ಅರ್ಧ ಗಂಟೆಯೊಳಗೆ ಗುಂಪಿನ ಮಂದಿಯೆಲ್ಲ ಕೈಮುಗಿದರು. ಸೊಲ್ಲಾಪುರದಲ್ಲಿರುವ ಕಾಕಾ, 'ಅಜ್ಜಿ ಎದ್ದು ಬಂದಂತಾಯಿತು' ಎಂದು ಬರೆದರು.

ನಾನು ಏನೂ ಬರೆಯಲಿಲ್ಲ. ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ಆ ಫೋಟೋ ತೆಗೆದದ್ದು ಮುತ್ತಜ್ಜಿ ತೀರಿಕೊಂಡ ಮೇಲೆ. ನಮ್ಮ ಕಡೆಯ ಲಿಂಗಾಯತ ಮನೆಗಳಲ್ಲಿ ತೀರಿಹೋದವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ವಿಭೂತಿ ಹಚ್ಚುತ್ತಾರೆ, ಹೂವು ಹಾಕುತ್ತಾರೆ. ಇದನ್ನು ಓದುವ ಹಲವರ ಮನೆಯಲ್ಲಿಯೂ ಅಂಥದೊಂದು ಪಟ ಇದ್ದೀತು. ಅಣ್ಣನ ಮಗನಿಗೆ ಇದು ಗೊತ್ತಿರಲಿಲ್ಲ. ಕುಳಿತಿದ್ದಾಳೆ, ಆದ್ದರಿಂದ ಬದುಕಿದ್ದಾಳೆ ಎಂದುಕೊಂಡಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಮಾಡಿದ್ದಾನೆ. ಆದರೆ ಆ ಆ್ಯಪು ಅಳಿಸಿದ ಹಳದಿಯ ವಿಷಯದಲ್ಲಿ ನನಗೊಂದು ಹಳೆಯ ಲೆಕ್ಕ ಬಾಕಿ ಇತ್ತು. ಅದನ್ನು ತೀರಿಸಲು ಈ ಒಂದು ತಿಂಗಳು ಹಿಡಿಯಿತು.

ಮಾಳಿಗೆಯ ಮೇಲೆ

ನಮ್ಮ ಮುತ್ತಜ್ಜ ಫೋಟೋಗ್ರಾಫರ್ ಆಗಿದ್ದರು. ಬೆಳಗಾವಿಯ ಕ್ಯಾಂಪಿನಲ್ಲಿ ಪಾರ್ಸಿ ಫೋಟೋಗ್ರಾಫರೊಬ್ಬರ ಕೈಕೆಳಗೆ ಕೆಲಸ ಕಲಿತು, ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಮನೆಯ ಮಾಳಿಗೆಯ ಮೇಲೆಯೇ ಸ್ಟುಡಿಯೋ ಹಾಕಿದರು. ಹುಬ್ಬಳ್ಳಿ ಆಗ ಬೆಳೆಯುತ್ತಿದ್ದ ಊರು. 1885ರಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಗಿತ್ತು. 1908ರಲ್ಲಿ ಸದರ್ನ್ ಮರಾಠಾ ರೈಲ್ವೆ ಮದ್ರಾಸಿನ ಕಂಪನಿಯೊಡನೆ ಕೂಡಿ ಎಂ. ಅಂಡ್ ಎಸ್.ಎಂ. ಆದ ಮೇಲೆ ಹೊಸ ಗುಮಾಸ್ತರು, ಗಾರ್ಡುಗಳು, ಫಿಟ್ಟರುಗಳು ಊರಿಗೆ ಬಂದರು. ಊರಿನಿಂದ ದೂರ ಇದ್ದವನಿಗೆ ಫೋಟೋ ಬೇಕಾಗುತ್ತದೆ. ಸಮವಸ್ತ್ರ ಹಾಕಿಕೊಂಡು, ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟು, ಒಂದು ಚಿತ್ರ ತೆಗೆಸಿ ತಾಯಿಗೆ ಕಳಿಸುತ್ತಿದ್ದರು. ಅರಳೆ ವ್ಯಾಪಾರಿಗಳು ಬಂದರು, ನಾಟಕ ಕಂಪನಿಯವರು ಬಂದರು, ಹೊಸದಾಗಿ ಮದುವೆಯಾದವರು ನಾಚಿಕೊಂಡು ಬಂದರು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರುವವರೂ ಇದ್ದರು. ಅವರು ಮಾತ್ರ ಬದುಕಿದ್ದಾಗ ಬರುತ್ತಿರಲಿಲ್ಲ.

ಮಾಳಿಗೆಯ ಉತ್ತರ ಭಾಗಕ್ಕೆ ಗಾಜಿನ ಹೆಂಚು ಹೊದಿಸಿದ ಕೋಣೆ. ಉತ್ತರದಿಂದ ಬರುವ ಬೆಳಕಿನಲ್ಲಿ ವರ್ಷದ ಬಹುಪಾಲು ನೇರ ಬಿಸಿಲಿರುವುದಿಲ್ಲ, ಮುಖದ ಮೇಲೆ ಗಡಸು ನೆರಳು ಬೀಳುವುದಿಲ್ಲ. ಒಳಗೆ ಬಿಳಿ ತೆಳು ಬಟ್ಟೆಯ ಪರದೆಗಳು; ಎಳೆದು, ಸರಿಸಿ ಬೆಳಕನ್ನು ಹದಗೊಳಿಸುವುದು. ಹಿಂದೆ ನಾಟಕದ ಪರದೆ ಬರೆಯುವವರಿಂದ ಬರೆಸಿದ ಅರಮನೆಯ ಕಂಬಗಳು, ಒಂದು ಕೊಳ, ಎರಡು ಹಂಸ. ತಲೆ ಅಲುಗಾಡದಂತೆ ಕುತ್ತಿಗೆಯ ಹಿಂದೆ ನಿಲ್ಲಿಸುವ ಕಬ್ಬಿಣದ ಕವೆ. ಕ್ಯಾಮೆರಾ ಹಾಫ್ ಪ್ಲೇಟಿನದು. ಅಂದರೆ ಗಾಜಿನ ಫಲಕ 4¾ ಇಂಚು ಅಗಲ, 6½ ಇಂಚು ಉದ್ದ. ಇಷ್ಟು ಎಲ್ಲರೂ ಹೇಳುವ ಕಥೆಯೇ. ಸ್ಟುಡಿಯೋ ಎಂದರೆ ನಮ್ಮ ಮನೆಯಲ್ಲಿಯೂ ಇದೇ ಚಿತ್ರ: ಕರಿಯ ಬಟ್ಟೆಯೊಳಗೆ ತಲೆ ಹಾಕಿ ನಿಂತ ಮುತ್ತಜ್ಜ. ಫೋಟೋದ ಹಿಂದೆ ಒತ್ತಿದ ಮುದ್ರೆಯಲ್ಲಿ ಅವರ ಹೆಸರೇ ಇದೆ.

ಅಜ್ಜ ಹೇಳುತ್ತಿದ್ದುದು ಬೇರೆಯ ಕಥೆ. ಅವರು 1909ರಲ್ಲಿ ಆ ಮನೆಯಲ್ಲಿ ಹುಟ್ಟಿದವರು. ಚಿತ್ರ ಹಿಡಿಯುವುದು ಎರಡು ಕ್ಷಣದ ಕೆಲಸ, ಮಿಕ್ಕಿದ ಎರಡು ದಿನದ ಕೆಲಸವೆಲ್ಲ ಅವ್ವನದು ಎನ್ನುತ್ತಿದ್ದರು. ಮುತ್ತಜ್ಜ ಪ್ಲೇಟನ್ನು ಕತ್ತಲೆ ಕೋಣೆಯ ಕೆಂಪು ಕಂದೀಲಿನ ಬೆಳಕಿನಲ್ಲಿ ಚಿತ್ರ ಮೂಡಿಸುವ ಡೆವಲಪರಿನಿಂದ ತೆಗೆದು, ಅದನ್ನು ನೆಲೆಗೊಳಿಸುವ ಹೈಪೋ ಎಂಬ ದ್ರಾವಣದೊಳಗೆ ಬಿಡುವವರೆಗೆ ಅವರ ಸುಪರ್ದಿ. ಅಲ್ಲಿಂದ ಮುಂದೆ ಅವ್ವ. ಓದು ಬರಹ ಬಾರದ ಹೆಂಗಸು. ಬೆಳ್ಳಿಯ ಉಪ್ಪು, ಸೋಡಿಯಂ ಥಯೋಸಲ್ಫೇಟ್ (ಹೈಪೋದ ಪುಸ್ತಕದ ಹೆಸರು) ಎಂಬ ಹೆಸರುಗಳು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹಾಲು. ಹೈಪೋಕ್ಕೆ ಬಿದ್ದಾಗ ಪ್ಲೇಟಿನ ಮೈ ಹಾಲಿನಂತೆ ಬೆಳ್ಳಗೆ ಮಂದವಾಗಿರುತ್ತದೆ. ಬೆಳಕು ತಾಗದ ಬೆಳ್ಳಿಯ ಉಪ್ಪು ಅದು. ಹೈಪೋ ಅದನ್ನು ಮೆಲ್ಲಗೆ ಕರಗಿಸುತ್ತದೆ, ಮೂಲೆಯಿಂದ ಶುರುವಾಗಿ ಗಾಜು ತಿಳಿಯಾಗುತ್ತ ಬರುತ್ತದೆ. ಇದಕ್ಕೆ ಮನೆಯಲ್ಲಿ 'ಹಾಲು ಹೋಗುವುದು' ಎಂದೇ ಹೆಸರಿತ್ತು. ಹಾಲು ಹೋದ ತಕ್ಷಣ ತೆಗೆದುಬಿಟ್ಟರೆ ಕೆಟ್ಟಿತು. ಹಾಲು ಹೋಗಲು ಎಷ್ಟು ಹೊತ್ತು ಹಿಡಿಯಿತೋ ಮತ್ತೆ ಅಷ್ಟೇ ಹೊತ್ತು ಬಿಡಬೇಕು. ಹೈಪೋ ಹಳೆಯದಾದಂತೆ ಹಾಲು ತಡವಾಗಿ ಹೋಗುತ್ತದೆ. ಮುತ್ತಜ್ಜಿ ಗಡಿಯಾರ ನೋಡುತ್ತಿರಲಿಲ್ಲ, ವಚನ ಹೇಳಿಕೊಳ್ಳುತ್ತಿದ್ದಳು. ಹೊಸ ಹೈಪೋದಲ್ಲಿ ನಾಲ್ಕು ವಚನ ಮುಗಿಯುವಷ್ಟರಲ್ಲಿ ಹಾಲು ಹೋಗುತ್ತಿತ್ತು. ಎಂಟು ವಚನ ಹಿಡಿಯಿತೆಂದರೆ, 'ದಣಿದಿದೆ, ಚೆಲ್ಲಿರಿ' ಎಂದು ಗಂಡನಿಗೆ ಹೇಳುತ್ತಿದ್ದಳು. ಮುತ್ತಜ್ಜ ಮರುಮಾತಾಡದೆ ಚೆಲ್ಲುತ್ತಿದ್ದರು. ಹೊಸ ಹೈಪೋಕ್ಕೆ ದುಡ್ಡು ಬೀಳುತ್ತದೆ ಎಂದು ಅವರು ಗೊಣಗಿದ್ದನ್ನು ಅಜ್ಜ ಒಮ್ಮೆಯೂ ಕೇಳಿರಲಿಲ್ಲ.

ಆಮೇಲೆ ನೀರು. ಹುಬ್ಬಳ್ಳಿಯಲ್ಲಿ ನೀರಿನ ಮಾತು ಎತ್ತಿದರೆ ಇವತ್ತಿಗೂ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ನಮ್ಮ ಓಣಿಗೆ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ. ಆಗ ಹಿತ್ತಲಲ್ಲಿ ಬಾವಿ ಇತ್ತು, ನೀರು ಸವುಳು. ತೊಳೆಯಲು ಅದು ನಡೆಯುತ್ತಿತ್ತು. ಕೊನೆಯ ಸಲಕ್ಕೆ ಮಾತ್ರ ಸಿಹಿನೀರೇ ಬೇಕು, ಇಲ್ಲದಿದ್ದರೆ ಒಣಗಿದ ಗಾಜಿನ ಮೇಲೆ ಸುಣ್ಣದ ಚುಕ್ಕಿ ನಿಲ್ಲುತ್ತವೆ. ಪ್ಲೇಟಿನಲ್ಲಿ ಹೈಪೋ ಉಳಿದರೆ ಅದರೊಳಗಿನ ಗಂಧಕ ವರ್ಷಗಟ್ಟಲೆ ಕುಳಿತು ಬೆಳ್ಳಿಯನ್ನು ತಿನ್ನುತ್ತದೆ. ಹಾಗಾಗಿ ಐದೈದು ನಿಮಿಷಕ್ಕೆ ನೀರು ಬದಲಿಸುತ್ತ ಹನ್ನೆರಡು ಸಲ ತೊಳೆಯಬೇಕು ಎಂಬುದು ಪಾರ್ಸಿ ಗುರುಗಳು ಹೇಳಿಕೊಟ್ಟ ನಿಯಮ. ಸಲಕ್ಕೊಂದು ಕೊಡ ಎಂದರೆ ಒಂದು ಕಂತಿಗೆ ಹನ್ನೆರಡು ಕೊಡ. ಪ್ಲೇಟು ತೊಳೆದ ಮೇಲೆ ಅದರಿಂದ ಎತ್ತಿದ ಕಾಗದದ ಪ್ರತಿಗಳನ್ನೂ ತೊಳೆಯಬೇಕು, ಅದಕ್ಕೆ ಮತ್ತೆ ಹನ್ನೆರಡು. ಎಲ್ಲವೂ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಬೇಕು. ಮೂರು ಮಕ್ಕಳ ತಾಯಿ ಅವಳು. ಕಾಗದವನ್ನು ಬಿಸಿಲಿನಲ್ಲಿ ಮುದ್ರಿಸುತ್ತಿದ್ದ ಕಾಲ ಅದು: ಕಟ್ಟಿಗೆಯ ಚೌಕಟ್ಟಿನೊಳಗೆ ಪ್ಲೇಟು ಮತ್ತು ಕಾಗದವನ್ನು ಲೇಪದ ಮುಖಕ್ಕೆ ಮುಖ ಹಚ್ಚಿ, ಶಂಡಿಗೆ ಒಣಗಿಸುವ ಕಡೆಯಲ್ಲೇ ಸಾಲಾಗಿ ಇಡುತ್ತಿದ್ದಳು. ಆಗಾಗ ಚೌಕಟ್ಟಿನ ಅರ್ಧ ಬಾಗಿಲು ತೆರೆದು ನೋಡಿ, ಬೇಕಾದುದಕ್ಕಿಂತ ಒಂದು ಕೈ ಹೆಚ್ಚೇ ಕಪ್ಪಾಗಲು ಬಿಡುತ್ತಿದ್ದಳು. ಹೈಪೋಕ್ಕೆ ಹೋದರೆ ತಿಳಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಶಂಡಿಗೆಗೂ ಕಾಗೆ ಕಾಯಬೇಕು, ಫೋಟೋಕ್ಕೂ ಕಾಯಬೇಕು.

ಆ ಸ್ಟುಡಿಯೋದ ಪ್ಲೇಟುಗಳಲ್ಲಿ ಹೆಚ್ಚಿನವು ಈಗ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಗಾಜಿಗೆ ಬರ ಬಂದಾಗ ಸೋಡಾ ಹಾಕಿದ ಬಿಸಿನೀರಿನಲ್ಲಿ ಅವುಗಳ ಲೇಪ ಕೆರೆದು ತೆಗೆದು, ದೇವರ ಪಟಗಳಿಗೆ ಗಾಜು ಹಾಕುವವರಿಗೆ ಮಾರಿದರಂತೆ. ನಮ್ಮ ಊರಿನ ಎಷ್ಟೋ ಜಗಲಿಗಳ ಮೇಲಿನ ಬಸವಣ್ಣನ ಮುಂದೆ, ಶಿವಪಾರ್ವತಿಯರ ಮುಂದೆ ಇರುವ ಗಾಜು ಒಂದಾನೊಂದು ಕಾಲಕ್ಕೆ ಯಾರದೋ ಮುಖ ಹೊತ್ತಿದ್ದ ಗಾಜು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಉಳಿದ ಅರವತ್ತು ಚಿಲ್ಲರೆ ಪ್ಲೇಟುಗಳು ತಗಡಿನ ಟ್ರಂಕಿನಲ್ಲಿ ನನ್ನ ಹತ್ತಿರ ಇವೆ. ಕಿಟಕಿಗೆ ಹಿಡಿದು ನೋಡಿದರೆ ಇವತ್ತಿಗೂ ನೀರಿನಷ್ಟು ತಿಳಿ. ಅಂಗಿಯ ಬಟನ್ನಿನ ನಾಲ್ಕು ತೂತು ಎಣಿಸಬಹುದು. ನೂರು ವರ್ಷ ದಾಟಿದೆ, ಒಂದರಲ್ಲಿಯೂ ಹಳದಿ ಇಲ್ಲ. ಮುತ್ತಜ್ಜಿಯ ಪ್ಲೇಟಿನ ಹೊರತು.

ಅವ್ವನ ಕೊಡ

ನಾನು ಅಜ್ಜನನ್ನು ಕತ್ತಲೆ ಕೋಣೆಯಲ್ಲಿ ಕಂಡದ್ದು 1982ರ ಸುಮಾರಿಗೆ. ನನಗೆ ಎಂಟು ವರ್ಷ, ಅವರಿಗೆ ಎಪ್ಪತ್ತು ದಾಟಿತ್ತು. ಸ್ಟುಡಿಯೋ ಮಾಳಿಗೆಯಿಂದ ಇಳಿದು ರಸ್ತೆಗೆ ಬಂದಿತ್ತು, ಬಿಸಿಲಿನ ಕೆಲಸ ಹೋಗಿ ಬಲ್ಬಿನ ಕೆಲಸವಾಗಿತ್ತು. ಪಾಸ್‌ಪೋರ್ಟ್ ಅಳತೆಯ ಕಪ್ಪು ಬಿಳುಪಿನ ಚಿತ್ರಗಳೇ ಜಾಸ್ತಿ. ಅಪ್ಪ ಕಾಲೇಜು ಹುಡುಗರ ಗ್ರೂಪ್ ಫೋಟೋಗಳಿಗೆ ಧಾರವಾಡಕ್ಕೆ ಹೋಗುತ್ತಿದ್ದರು. ತೊಳೆಯುವ ಕೆಲಸವನ್ನು ಮಾತ್ರ ಅಜ್ಜ ಯಾರಿಗೂ ಬಿಡುತ್ತಿರಲಿಲ್ಲ. ಬಚ್ಚಲಿನ ಕಟ್ಟೆಯ ಮೇಲೆ ಚೀನಿ ಮಣ್ಣಿನ ದೊಡ್ಡ ತಟ್ಟೆ. ನಾನು ಕೊಡದಿಂದ ನೀರು ಹಾಕುವುದು, ಅಜ್ಜ ಚಿತ್ರಗಳನ್ನು ಒಂದೊಂದಾಗಿ ಮಗುಚುವುದು.

ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು. ನನಗೆ ಅದೇ ಹಬ್ಬ. ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಂಡು, ಎರಡಕ್ಕೂ ಪೊಟ್ಯಾಶಿಯಂ ಪರ್ಮಾಂಗನೇಟಿನ ಒಂದೊಂದು ಹನಿ ಬಿಡುವುದು. ವಾಂತಿಭೇದಿಯ ಕಾಲದಲ್ಲಿ ಬಾವಿಗೆ ಹಾಕುತ್ತಿದ್ದ ಅದೇ ನೇರಳೆ ಹರಳು. ಲೋಟಗಳು ದಾಸವಾಳದ ಬಣ್ಣಕ್ಕೆ ತಿರುಗುತ್ತಿದ್ದವು. ಆಮೇಲೆ ಒಂದು ಚಿತ್ರವನ್ನು ಮೂಲೆ ಹಿಡಿದು ಎತ್ತಿ, ಅದರಿಂದ ಇಳಿಯುವ ಹನಿಗಳನ್ನು ಎಡಗಡೆಯ ಲೋಟಕ್ಕೆ ಬೀಳಿಸುವುದು. ಹೈಪೋ ಇನ್ನೂ ಇದ್ದರೆ ಎಡಗಡೆಯ ಬಣ್ಣ ನೋಡುನೋಡುತ್ತ ಅಳಿದುಹೋಗುತ್ತದೆ, ಬಲಗಡೆಯದು ಹಾಗೆಯೇ ನಿಲ್ಲುತ್ತದೆ. ಎರಡೂ ಒಂದೇ ಬಣ್ಣದಲ್ಲಿ ನಿಂತರೆ ಕೆಲಸ ಮುಗಿಯಿತು. ಎರಡನೆಯ ಲೋಟ ಯಾಕೆ ಬೇಕು ಎಂದು ಕೇಳಿದ್ದೆ. 'ಬಾವಿಯ ನೀರೇ ಬಣ್ಣ ತಿಂದರೆ ಯಾರನ್ನು ಬೈಯುವುದು? ಹೋಲಿಸಲು ಒಂದು ಇರಬೇಕು' ಎಂದಿದ್ದರು. ನಾನು ಇಪ್ಪತ್ತೈದು ವರ್ಷದಿಂದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಪ್ರಯೋಗ ಎಂದರೇನು ಎಂಬುದಕ್ಕೆ ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ. ಎರಡು ಲೋಟದ ಈ ಉಪಾಯ ಅಜ್ಜನದಲ್ಲ, ಅವರ ಅವ್ವನದು.

ಅಂದು ಎರಡೂ ಲೋಟ ಒಂದೇ ಬಣ್ಣದಲ್ಲಿ ನಿಂತವು. ಹನ್ನೆರಡು ಕೊಡ ಮುಗಿದಿತ್ತು. ನಾನು ಕೊಡ ಬೋರಲು ಹಾಕುವುದರಲ್ಲಿದ್ದೆ.

'ಇನ್ನೊಂದು ಕೊಡ ತೆಗೆದುಕೊಂಡು ಬಾ' ಎಂದರು ಅಜ್ಜ.

'ಬಣ್ಣ ನಿಂತಿತಲ್ಲ ಅಜ್ಜ, ಸಾಕೆಂದು ನೀನೇ ಹೇಳಿದೆ.'

'ಅದು ಗಿರಾಕಿಗೆ ಸಾಕು. ಇದು ನಮ್ಮ ಅವ್ವನ ಕೊಡ.'

ಅವರು ಆ ಕೊಡವನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಸುರಿದರು. ಇದು ಪ್ರತಿಸಲವೂ ನಡೆಯುತ್ತಿತ್ತು. ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ದಿನಗಳಲ್ಲಿಯೂ ನಡೆಯುತ್ತಿತ್ತು. ಅಜ್ಜಿ ಅಡುಗೆಮನೆಯಿಂದ ಬೈದರೂ ನಡೆಯುತ್ತಿತ್ತು.

ಕಾರಣವನ್ನು ಅವರು ಒಂದೇ ಸಲಕ್ಕೆ ಹೇಳಲಿಲ್ಲ. ಚೂರುಚೂರಾಗಿ, ಹಲವು ವರ್ಷಗಳಲ್ಲಿ ಹೇಳಿದರು. 1918ರ ಮಳೆಗಾಲ ಕೈಕೊಟ್ಟಿತ್ತು. ಪಶ್ಚಿಮ ಭಾರತದಲ್ಲೆಲ್ಲ ಬರ. ಬಾವಿಯ ತಳದಲ್ಲಿ ಹಗ್ಗ ಮುಟ್ಟಿದರೆ ಕೆಸರು ಬರುತ್ತಿತ್ತು. ಅದರ ಮೇಲೆ ಇನ್‌ಫ್ಲುಯೆಂಜಾ. ಮುಂಬಯಿಯಲ್ಲಿ ಶುರುವಾದ ಜ್ವರ ರೈಲಿನ ಹಳಿಯ ಗುಂಟ ಊರೂರಿಗೆ ಹೋಯಿತು. ಹುಬ್ಬಳ್ಳಿಯಂಥ ಜಂಕ್ಷನ್ ಅದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಈ ದೇಶದಲ್ಲಿ ಅದು ಒಂದು ಕೋಟಿಗೂ ಮೀರಿ ಜನರನ್ನು ಒಯ್ದಿತು, ಬಹುಪಾಲು ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವಿನ ನಾಲ್ಕು ತಿಂಗಳಲ್ಲಿ. ವಯಸ್ಸಾದವರಿಗಿಂತ ಇಪ್ಪತ್ತು ದಾಟಿದ, ನಲವತ್ತು ಮುಟ್ಟದ ಗಟ್ಟಿ ಮೈಯವರನ್ನೇ ಹೆಚ್ಚಾಗಿ ಒಯ್ದಿತು. ಆ ತಿಂಗಳುಗಳಲ್ಲಿ ಮುತ್ತಜ್ಜನಿಗೆ ಬಿಡುವಿಲ್ಲದ ಕೆಲಸ. ಆಯುಷ್ಯ ಕಡಿಮೆಯಾಗುತ್ತದೆಂದು ಫೋಟೋಕ್ಕೆ ಹೆದರಿದವರ ಮನೆಯವರೆಲ್ಲ ಈಗ ಹುಡುಕಿಕೊಂಡು ಬರುತ್ತಿದ್ದರು. ಕ್ಯಾಮೆರಾ ಹೊತ್ತುಕೊಂಡು ಹೋಗುವುದು, ಕೂರಿಸಿದವರ ಚಿತ್ರ ಹಿಡಿಯುವುದು. 'ಕಣ್ಣು ತೆರೆಸಿ ಕೊಡಿರಿ' ಎಂದು ಕೇಳುತ್ತಿದ್ದರಂತೆ. ಮುತ್ತಜ್ಜ ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದರು. ಇದರಲ್ಲಿ ಅವರದು ಎತ್ತಿದ ಕೈ ಎಂದು ಹೆಸರಾಗಿತ್ತು.

ಅಕ್ಟೋಬರಿನಲ್ಲಿ ಮುತ್ತಜ್ಜಿಗೆ ಜ್ವರ ಬಂತು, ನಾಲ್ಕನೆಯ ದಿನ ಮುಗಿಯಿತು. ಮೂವತ್ತು ಕೂಡ ತುಂಬಿರಲಿಲ್ಲ. ಅಷ್ಟು ಜನರ ಚಿತ್ರ ತೊಳೆದವಳ ಒಂದೇ ಒಂದು ಚಿತ್ರ ಮನೆಯಲ್ಲಿ ಇರಲಿಲ್ಲ. ಮುತ್ತಜ್ಜ ತಾವೇ ಪಡಸಾಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದರು. ಮೈಮೇಲೆ ಮದುವೆಯ ಇಳಕಲ್ ಸೀರೆ, ಕೆಂಪು ಟೋಪಿನ ಸೆರಗು. ಆ ಕಾಲದ ಪ್ಲೇಟುಗಳಿಗೆ ಕೆಂಪು ಕಾಣುವುದಿಲ್ಲ, ಅದಕ್ಕೇ ಕೆಂಪು ದೀಪದಲ್ಲಿ ಕೆಲಸ ಮಾಡಲು ಬರುತ್ತಿತ್ತು. ಕೆಂಪು ಸೆರಗು, ಹಣೆಯ ಕುಂಕುಮ ಎರಡೂ ಪಟದಲ್ಲಿ ಕರ್ರಗೆ ಮೂಡಿವೆ. ಆ್ಯಪು ಆ ಕಪ್ಪನ್ನು ನೋಡಿಯೇ ಸೆರಗಿಗೆ ನೀಲಿ ಬಳಿದದ್ದು. ಎಡಗಡೆಗೆ ಇಬ್ಬರು ಹೆಣ್ಣುಮಕ್ಕಳು, ಬಲಗಡೆಗೆ ಒಂಬತ್ತು ವರ್ಷದ ನಮ್ಮ ಅಜ್ಜ. ಮುತ್ತಜ್ಜ ಪಟದಲ್ಲಿ ಇಲ್ಲ, ಕರಿಯ ಬಟ್ಟೆಯೊಳಗೆ ಇದ್ದರು. ಅವಳ ಕಣ್ಣನ್ನು ಅವರು ಬರೆಯಲಿಲ್ಲ. ಊರಿನವರಿಗೆಲ್ಲ ಬರೆದುಕೊಟ್ಟ ಕೈ ಅದು. ಹೆಂಡತಿಯ ಮುಖದ ಮೇಲೆ ಕುಂಚ ಇಡಲಿಲ್ಲ.

ಮಣ್ಣು ಮಾಡಿ ಬಂದ ರಾತ್ರಿಯೇ ಪ್ಲೇಟನ್ನು ತೊಳೆಯಲು ಕುಳಿತರು. ಕೈಕೆಳಗಿನ ಹುಡುಗ ಬೇನೆಗೆ ಹೆದರಿ ತನ್ನ ಊರಿಗೆ ಓಡಿಹೋಗಿದ್ದ. ನೀರು ತರುವ ಹೆಂಗಸು ಹಾಸಿಗೆ ಹಿಡಿದಿದ್ದಳು. 'ಬಾವಿಗೆ ಹೋಗಿ ಎಷ್ಟು ಸಿಗುತ್ತದೋ ಅಷ್ಟು ತಾ' ಎಂದು ಮಗನನ್ನು ಕಳಿಸಿದರು. ಹುಡುಗ ಎರಡು ಸಲ ಅರ್ಧರ್ಧ ಕೊಡ ತಂದ. ಮೂರನೆಯ ಸಲ ಬಾವಿಯ ತಳದಲ್ಲಿ ನೀರು ಊರಲೆಂದು ಕಾಯುತ್ತ ಕಟ್ಟೆಗೆ ಒರಗಿ ಕುಳಿತ. ಎಚ್ಚರವಾದಾಗ ಬೆಳಕು ಹರಿದಿತ್ತು, ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಅಪ್ಪ ಒಂದು ಮಾತೂ ಆಡಲಿಲ್ಲ. ಐದಾರು ವರ್ಷಕ್ಕೆ ಪಟ ಹಳದಿಯಾಗಲು ಹತ್ತಿದಾಗಲೂ ಆಡಲಿಲ್ಲ.

'ನಾನು ನಿದ್ದೆ ಹೋದೆನಲ್ಲ' ಎಂದರು ಅಜ್ಜ. ಎಪ್ಪತ್ತು ದಾಟಿದ ಮನುಷ್ಯ ಇದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ತಟ್ಟೆಯಲ್ಲಿ ತೇಲುವ ಚಿತ್ರಗಳನ್ನು ನೋಡುತ್ತಿದ್ದರು. 'ಅವ್ವ ಎಲ್ಲರಿಗೂ ಹನ್ನೆರಡು ಕೊಡ ಹೊತ್ತಳು. ಅವಳಿಗೆ ನಾನು ಒಂದು ತುಂಬಿದ ಕೊಡ ತರಲಿಲ್ಲ.'

ಎರಡು ಪಟ್ಟಿ

ಅಜ್ಜ 1991ರಲ್ಲಿ ತೀರಿಕೊಂಡರು. ಆಗ ನಾನು ಪಿಯುಸಿಯಲ್ಲಿದ್ದೆ. ಮುಂದೆ ಥಯೋಸಲ್ಫೇಟ್ ಪಾಠ ಮಾಡುವಾಗಲೆಲ್ಲ ಅವರ ನೆನಪಾದರೂ, ಅವರು ಹೇಳಿದ್ದನ್ನು ನಾನು ಎಂದೂ ಪರೀಕ್ಷಿಸಲಿಲ್ಲ. ನೀರು ಸಾಲಲಿಲ್ಲ, ಹೈಪೋ ಉಳಿಯಿತು, ಪಟ ಹಳದಿಯಾಯಿತು: ರಸಾಯನಶಾಸ್ತ್ರಕ್ಕೆ ಒಪ್ಪುವ ಮಾತೇ. ಅಣ್ಣನ ಮಗ ಕಳಿಸಿದ ಆ ಸ್ವಚ್ಛ ಮುಖ ನೋಡಿದ ಮೇಲೆಯೇ ನಾನು ಹಳದಿಯನ್ನು ಮೊದಲ ಸಲ ಸರಿಯಾಗಿ ನೋಡಬೇಕೆಂದು ಎದ್ದದ್ದು. ಪಟ ಇಳಿಸಿ ಕಿಟಕಿಯ ಹತ್ತಿರ ಇಟ್ಟೆ. ಟ್ರಂಕಿನಿಂದ ಪ್ಲೇಟು ತೆಗೆದೆ. ಭೂತಗನ್ನಡಿ ಹಿಡಿದು ಅರ್ಧ ದಿನ ಕುಳಿತೆ.

ತೊಳೆಯುವುದು ಕಡಿಮೆಯಾಗಿ ಹೈಪೋ ಉಳಿದರೆ ಕೆಡುವುದು ಚಿತ್ರ. ಅಂದರೆ ಬೆಳ್ಳಿ ಇರುವ ಜಾಗ. ಮೊದಲು ತೆಳುವಾದ ಭಾಗಗಳು ಹಳದಿಯಾಗಿ ಮಾಸಿಹೋಗುತ್ತವೆ. ಬೆಳ್ಳಿಯೇ ಇಲ್ಲದ ಅಂಚು, ಖಾಲಿ ಜಾಗ ಬಹುಮಟ್ಟಿಗೆ ಬಿಳಿಯಾಗಿಯೇ ಉಳಿಯಬೇಕು. ಮುತ್ತಜ್ಜಿಯ ಪಟದಲ್ಲಿ ಹಾಗಿಲ್ಲ. ಅವಳ ಹಣೆಯ ವಿಭೂತಿ, ಕೊರಳಿನ ಮಲ್ಲಿಗೆ, ಪಟದ ಅಂಚು ಎಲ್ಲವೂ ಹಳದಿ. ಪ್ಲೇಟಿನಲ್ಲಿ ಕೂಡ ಹಾಗೆಯೇ: ಅಲ್ಲಿ ಕಪ್ಪು ಬಿಳುಪು ತಿರುಗುಮುರುಗು, ಕರಿಯ ಸೆರಗಿನ ಜಾಗದಲ್ಲಿ ಗಾಜು ತಿಳಿಯಾಗಿ ಕಾಣಬೇಕಿತ್ತು, ಅಲ್ಲಿಯೂ ಜೇನಿನ ಬಣ್ಣ. ಏನೂ ಇರಬಾರದ ಜಾಗದಲ್ಲಿ ಬಣ್ಣ ಬಂದಿದೆ ಎಂದರೆ ಅಲ್ಲಿ ಏನೋ ಉಳಿದಿತ್ತು. ಅದು ಹೈಪೋ ಕರಗಿಸದೆ ಬಿಟ್ಟ ಬೆಳ್ಳಿ. ದಣಿದ ಹೈಪೋ ಬೆಳ್ಳಿಯ ಉಪ್ಪನ್ನು ಅರ್ಧ ಮಾತ್ರ ಕರಗಿಸಿ, ನೀರಿಗೂ ಬಿಡದ ಇನ್ನೊಂದು ರೂಪಕ್ಕೆ ತಿರುಗಿಸಿ ಅಲ್ಲಿಯೇ ಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಾಲು ಹೋದಂತೆಯೇ ತೋರುತ್ತದೆ.

ಎದೆ ಹೊಡೆದುಕೊಳ್ಳಲು ಶು­ರುವಾಯಿತು. ಆದರೂ ಅಜ್ಜ ಹೇಳಿಕೊಟ್ಟದ್ದು ಎರಡು ಲೋಟದ ಪಾಠ, ಹೋಲಿಸಲು ಒಂದು ಇರಬೇಕು. ಅವರ ಕಾಲದ ಬ್ರೋಮೈಡ್ ಕಾಗದದ ಒಂದು ಕಟ್ಟು ಟ್ರಂಕಿನಲ್ಲಿಯೇ ಇತ್ತು. ಶನಿವಾರ ಮಧ್ಯಾಹ್ನ, ತರಗತಿ ಮುಗಿದ ಮೇಲೆ, ಪ್ರಯೋಗಶಾಲೆಯ ಕಿಟಕಿಗಳಿಗೆ ಕರಿಯ ಬಟ್ಟೆ ಕಟ್ಟಿ ಎರಡು ಪಟ್ಟಿ ಕತ್ತರಿಸಿದೆ. ಒಂದನ್ನು ಹೊಸ ಹೈಪೋದಲ್ಲಿ ಬಿಟ್ಟು, ಹುಡುಗ ತಂದಷ್ಟೇ ನೀರಿನಲ್ಲಿ, ಎರಡೇ ಸಲ ತೊಳೆದೆ. ಇನ್ನೊಂದನ್ನು, ಹತ್ತಾರು ಹಾಳೆ ಅದ್ದಿ ಅದ್ದಿ ದಣಿಸಿದ ಹೈಪೋದಲ್ಲಿ ಬಿಟ್ಟೆ. ಅದನ್ನು ಹನ್ನೆರಡು ಸಲ ತೊಳೆದೆ. ಐದು ನಿಮಿಷಕ್ಕೊಮ್ಮೆ ನೀರು ಬದಲಿಸುತ್ತ ಒಂದು ಗಂಟೆ ನಿಂತೆ. ಪರ್ಮಾಂಗನೇಟಿನ ಎರಡು ಲೋಟ ಇಟ್ಟು ನೋಡಿದೆ, ಬಣ್ಣ ನಿಂತಿತು. ಆಮೇಲೆ ಹದಿಮೂರನೆಯ ಸಲವೂ ತೊಳೆದೆ.

ಎರಡೂ ಪಟ್ಟಿಗಳು ಒಣಗಿದಾಗ ಒಂದೇ ರೀತಿ ಬೆಳ್ಳಗಿದ್ದವು. ಬೆಳ್ಳಿ ಉಳಿದಿದೆಯೋ ಎಂದು ನೋಡಲು ಸೋಡಿಯಂ ಸಲ್ಫೈಡಿನ ಒಂದು ಹನಿ ಸಾಕು. ಕೊಳೆತ ಮೊಟ್ಟೆಯ ವಾಸನೆಯ ದ್ರಾವಣ. ಎರಡು ಸಲ ಮಾತ್ರ ತೊಳೆದ ಪಟ್ಟಿಯ ಮೇಲೆ ಹನಿ ಬಿಟ್ಟೆ. ಎರಡು ನಿಮಿಷ ಕಾದು ಒರಸಿದೆ. ಬಿಳಿ ಬಿಳಿಯಾಗಿಯೇ ಇತ್ತು. ಹದಿಮೂರು ಸಲ ತೊಳೆದ ಪಟ್ಟಿಯ ಮೇಲೆ ಬಿಟ್ಟೆ. ಹನಿಯ ಕೆಳಗೆ ಮೊದಲು ಹಳದಿ ಮೂಡಿತು, ಆಮೇಲೆ ಅದು ಗಾಢವಾಯಿತು. ಒರಸಿದಾಗ ಕಾಗದದ ಮೇಲೆ ಕಂದು ಬಣ್ಣದ ದುಂಡನೆಯ ಕಲೆ ಉಳಿದಿತ್ತು. ಕಿಟಕಿಯ ಬಟ್ಟೆ ಬಿಚ್ಚದೆ, ಆ ಪಟ್ಟಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಎರಡೇ ಸಲ ತೊಳೆದ ಪಟ್ಟಿಯೂ ಬಾಳುವುದಿಲ್ಲ, ಅದು ನನಗೆ ಗೊತ್ತು. ಅದರ ಚಿತ್ರ ಮಾಸಿಹೋಗುತ್ತದೆ. ಆದರೆ ಬಿಳಿಯ ಜಾಗಕ್ಕೆ ಈ ಬಣ್ಣ ಬರುವುದಿಲ್ಲ. ಮುತ್ತಜ್ಜಿಯ ವಿಭೂತಿಯನ್ನು ಹಳದಿ ಮಾಡಿದ್ದು ನೀರಿನ ಕೊರತೆಯಾಗಿರಲು ಸಾಧ್ಯವಿಲ್ಲ. ಅಂದು ರಾತ್ರಿ ಹುಡುಗ ಬಾವಿಯನ್ನೇ ಎತ್ತಿ ತಂದು ಸುರಿದಿದ್ದರೂ ಆ ಬೆಳ್ಳಿ ಹೋಗುತ್ತಿರಲಿಲ್ಲ.

1918ರಲ್ಲಿ ಯುದ್ಧ ನಾಲ್ಕು ವರ್ಷ ದಾಟಿತ್ತು. ಡೆವಲಪರಿನ ಮೆಟಾಲ್ ಜರ್ಮನಿಯದು, ಅದು ನಿಂತೇ ಹೋಗಿತ್ತು. ಹಡಗಿನಲ್ಲಿ ಬರುವ ಎಲ್ಲ ಸರಕೂ ತುಟ್ಟಿ. ಅದರ ಮೇಲೆ ಸಾವಿನ ಮನೆಗಳ ಕೆಲಸ ಒಂದರ ಹಿಂದೊಂದು. ಆ ತಟ್ಟೆಯಲ್ಲಿದ್ದ ಹೈಪೋ ಎಷ್ಟು ಜನರನ್ನು ಕಂಡಿತ್ತೋ. ಮುತ್ತಜ್ಜಿ ಬದುಕಿದ್ದರೆ ಆರನೆಯ ವಚನಕ್ಕೆ ಅನುಮಾನಪಡುತ್ತಿದ್ದಳು, ಎಂಟನೆಯದಕ್ಕೆ 'ಚೆಲ್ಲಿರಿ' ಎನ್ನುತ್ತಿದ್ದಳು. ಆ ರಾತ್ರಿ ವಚನ ಎಣಿಸುವವರು ಯಾರೂ ಇರಲಿಲ್ಲ. ಮುತ್ತಜ್ಜನಿಗೆ ಬೆಳಕು ಗೊತ್ತಿತ್ತು, ಮುಖ ಗೊತ್ತಿತ್ತು, ಕುಂಚ ಗೊತ್ತಿತ್ತು. ಹಾಲು ಗೊತ್ತಿರಲಿಲ್ಲ. ಹಾಲು ಹೋಯಿತೆಂದು ಕಂಡೊಡನೆ ತೆಗೆದಿರಬೇಕು. ಹೆಂಡತಿಯನ್ನು ಮಣ್ಣಿಗೆ ಕೊಟ್ಟು ಬಂದ ರಾತ್ರಿ ಅವರನ್ನು ಯಾರು ತಾನೇ ದೂರಲಾದೀತು?

ಅಜ್ಜ ತಮ್ಮ ಬದುಕಿನುದ್ದಕ್ಕೂ ಸುರಿದ ಹದಿಮೂರನೆಯ ಕೊಡಗಳ ಲೆಕ್ಕವನ್ನು ನಾನು ಹಾಕಲು ಹೋಗಿಲ್ಲ. ಅವರು ತೊಳೆದ ಚಿತ್ರಗಳು ಹುಬ್ಬಳ್ಳಿ, ಧಾರವಾಡ, ಗದಗಿನ ಮನೆಗಳಲ್ಲಿ, ಹಳೆಯ ಅರ್ಜಿಗಳ ಮೂಲೆಯಲ್ಲಿ, ಪಾಸ್‌ಬುಕ್ಕುಗಳಲ್ಲಿ ಇವತ್ತಿಗೂ ಮಾಸದೆ ಕುಳಿತಿವೆ. ಅವರು ಬದುಕಿದ್ದಾಗಲೇ ಈ ಎರಡು ಪಟ್ಟಿ ಕತ್ತರಿಸಿ ತೋರಿಸಬಹುದಿತ್ತು ಎಂಬುದು ಮಾತ್ರ ನನ್ನನ್ನು ಬಿಡುತ್ತಿಲ್ಲ. ನನಗೆ ಆಗ ವಿದ್ಯೆ ಇರಲಿಲ್ಲ, ವಿದ್ಯೆ ಬಂದಾಗ ಅವರಿರಲಿಲ್ಲ.

ಮೊನ್ನೆ ಭಾನುವಾರ ಅಣ್ಣನ ಮಗನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, 'ಅತ್ತೆ, ಅದನ್ನು ಗುಂಪಿನಿಂದ ತೆಗೆದುಬಿಡಲೇ?' ಎಂದು ಕೇಳಿದ. ಬೇಡ, ನೀನು ಪ್ರೀತಿಯಿಂದ ಮಾಡಿದ್ದು, ಇರಲಿ ಎಂದೆ. ಪಟವನ್ನು ಚೌಕಟ್ಟಿನಿಂದ ಬಿಚ್ಚಿ, ಪಡಸಾಲೆಯಲ್ಲಿ ಕಿಟಕಿಯ ಬೆಳಕಿಗೆ ಇಟ್ಟು ಚಿತ್ರ ತೆಗೆದುಕೊಂಡೆ. ಯಾವ ಅಂಚನ್ನೂ ಕತ್ತರಿಸಲಿಲ್ಲ. ಬಲಗಡೆಯ ಹುಡುಗನ ಮುಖ ಅಲುಗಿ ಮಬ್ಬಾಗಿದೆ, ಆದರೆ ಕೈ ಸ್ಪಷ್ಟವಾಗಿದೆ. ತಾಯಿಯ ಸೆರಗಿನ ತುದಿಯನ್ನು ಅವನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾನೆ. ಐವತ್ತು ವರ್ಷದಿಂದ ನೋಡಿದ ಪಟ, ಇದನ್ನು ನಾನು ಕಂಡಿರಲೇ ಇಲ್ಲ. ಅದನ್ನು ಹಾಗೆಯೇ, ಹಳದಿಯ ಸಮೇತ, ಗುಂಪಿಗೆ ಕಳಿಸಿ ಕೆಳಗೆ ಬರೆದೆ: 'ಬಲಗಡೆ ನಿಂತಿರುವವರು ನಮ್ಮ ಅಜ್ಜ. ಆಗ ಒಂಬತ್ತು ವರ್ಷ. ಅಂದು ರಾತ್ರಿ ನೀರು ತರಲು ಹೋಗಿ ಬಾವಿಯ ಕಟ್ಟೆಯ ಮೇಲೆ ನಿದ್ದೆ ಹೋದರು. ಪಟ ಹಳದಿಯಾದದ್ದು ಅದರಿಂದಲ್ಲ.'